ಗಾಳಿ ಬಿಟ್ಟಾಗ ಗುರಿ ಎಲ್ಲಿಡಬೇಕು?

ಕಕ್ಕೇರಾ: ಹಿಂಗಾರಿ ಜೋಳ ಹಾಲುಗಟ್ಟಿತೆಂದರೆ ಸುರಪುರ ತಾಲೂಕಿನ ಎರೆ ಹೊಲಗಳಲ್ಲಿ ಹಕ್ಕಿ ಕಾಯುವವರಿಗೆ ಕೈತುಂಬ ಕೆಲಸ. ಕಾಲುವೆ ನೀರು ಬಂದ ಮೇಲೆ ಭತ್ತ ಹೆಚ್ಚಾಯಿತು, ಖರೆ. ಆದರೆ ಜೋಳದ ರೊಟ್ಟಿ ಬಿಟ್ಟವರುಂಟೇ? ಹಕ್ಕಿ ಹಿಂಡು ಇಳಿದು ಹೋದರೆ ತೆನೆಯಲ್ಲಿ ಕಾಳೇ ಉಳಿಯುವುದಿಲ್ಲ. ಅದಕ್ಕೇ ಕೈಯಲ್ಲಿ ಕವಣಿ. ಕೊಲ್ಲಲಿಕ್ಕಲ್ಲ, ಎಬ್ಬಿಸಲಿಕ್ಕೆ.

ಗಾಳಿ ಜೋರಾದಾಗ ಕಲ್ಲಿಗಿಂತ ಹಕ್ಕಿಯೇ ಹೆಚ್ಚು ಸರಿಯುತ್ತದೆ. ಹಕ್ಕಿ ಇದ್ದಲ್ಲಿಗೆ ಬೀಸಿದರೆ ಕಲ್ಲು ದಂಡ. ಅದು ಹೋಗುವಲ್ಲಿಗೆ ಬೀಸಬೇಕು.

ಇದೇ ಲೆಕ್ಕದ ಮೇಲೆ ನಿಂತ ಒಲಿಂಪಿಕ್ ಆಟವೊಂದಿದೆ. ಹೆಸರು ಟ್ರ್ಯಾಪ್ ಶೂಟಿಂಗ್. ಹಿಂದೆ ಜೀವಂತ ಪಾರಿವಾಳ ಹಾರಿಸಿ ಹೊಡೆಯುತ್ತಿದ್ದರು. ಈಗ 11 ಸೆಂಟಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕದ ತಟ್ಟೆ. ತಗ್ಗಿನಲ್ಲಿಟ್ಟ ಯಂತ್ರ ಅದನ್ನು ಚಿಮ್ಮಿಸುತ್ತದೆ. 15 ಮೀಟರ್ ಹಿಂದೆ ನಿಂತವನು ಅದನ್ನು ಗಾಳಿಯಲ್ಲೇ ಒಡೆಯಬೇಕು. ಎಡಕ್ಕೋ ಬಲಕ್ಕೋ, ಮೊದಲೇ ಗೊತ್ತಿರುವುದಿಲ್ಲ!

ಗಾಳಿ ಬಿಟ್ಟಾಗ ಹೊಸಬರು ಛರ್ರೆ ಎಲ್ಲಿ ಹಾರಿಹೋದಾವೋ ಎಂದು ಹೆದರುತ್ತಾರೆ. ಛರ್ರೆ ತಟ್ಟೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೇ ಸಾಕು. ಅಷ್ಟರಲ್ಲಿ ಗಾಳಿ ಅವನ್ನು ಏನೂ ಮಾಡಲಾರದು. ಹಾದಿ ತಪ್ಪುವುದು ತಟ್ಟೆ. ಬಸ್ಸಿನ ಕಿಟಕಿಯಾಚೆ ಅಂಗೈ ಚಾಚಿ ಮುಂದಿನ ಅಂಚು ಎತ್ತಿದರೆ ಕೈ ಮೇಲೇಳುತ್ತದಲ್ಲ, ಹಾಗೆ. (ಮಾಡಿ ನೋಡಬೇಡಿ, ಕಂಡಕ್ಟರ್ ಬೈದಾನು!)

ಎದುರುಗಾಳಿಗೆ ತಟ್ಟೆ ಮೇಲೇಳುತ್ತದೆ. ಗುರಿ ಸ್ವಲ್ಪ ಮೇಲಿರಬೇಕು. ಹಿಂದಿನಿಂದ ಗಾಳಿ ಬಂದರೆ ತಟ್ಟೆ ತಗ್ಗಿ ಮುಂದೋಡುತ್ತದೆ, ಗುರಿ ಕೆಳಗಿಳಿಸಬೇಕು. ಅಡ್ಡಗಾಳಿಯಲ್ಲಿ ಗಾಳಿಗೆದುರಾಗಿ ಹೋದದ್ದು ಏಳುತ್ತದೆ, ಗಾಳಿ ಜೊತೆ ಹೋದದ್ದು ಬೀಳುತ್ತದೆ. ಎಲ್ಲಕ್ಕೂ ಒಂದೇ ಮದ್ದು: ಕಾಲು ಗಟ್ಟಿಯಾಗಿ ಊರಿ, ತಟ್ಟೆಯ ಮೇಲಿನ ಕಣ್ಣು ತೆಗೆಯದೆ, ಅದು ದೂರ ಹೋಗುವ ಮುನ್ನ ಹೊಡೆಯುವುದು.

ಗುರಿಕಾರಿಕೆ ಈ ಸೀಮೆಗೆ ಹೊಸದಲ್ಲ. 1705ರಲ್ಲಿ ಔರಂಗಜೇಬನೇ ಬಂದು ವಾಗಣಗೇರಾ ಕೋಟೆ ಮುತ್ತಿದಾಗ ಪಿಡ್ಡನಾಯಕನ ಬೇಡ ಬಂದೂಕುಗಾರರು ಮೊಗಲ್ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಮೇಲೆ ಎದ್ದರು; ಅಲ್ಲಿಗೆ ಸಂಸ್ಥಾನವೂ ಹೋಯಿತು.

ಈ ಆಟದಲ್ಲಿ ಬಿಕಾನೇರದ ಕರ್ಣಿಸಿಂಗ್ 1962ರಲ್ಲಿ ವಿಶ್ವ ಸ್ಪರ್ಧೆಯ ಬೆಳ್ಳಿ ತಂದರು. ಇದರದೇ ಜಾತಿಯ ಡಬಲ್ ಟ್ರ್ಯಾಪಿನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದರು. ನಮ್ಮ ಕಡೆ ಹುಡುಗರ ಕಣ್ಣೇನು ಕಡಿಮೆಯೇ? ಕಡಿಮೆ ಇರುವುದು ಕಿಸೆ. ಬಂದೂಕು, ಲೈಸೆನ್ಸು ಅತ್ತ ಇರಲಿ. 25 ತಟ್ಟೆಯ ಒಂದೇ ಸುತ್ತಿಗೆ, ತಟ್ಟೆಗೆ ಎರಡರಂತೆ, 50 ತೋಟಾ ತನಕ ಬೇಕು. ಅಂಗಡಿಕಾರರೇ ಲೆಕ್ಕ ಹಾಕಲಿ!

ಇನ್ನು ಲೈಸೆನ್ಸ್ ಇದ್ದವರಿಗೂ ಹೊಲ ಎಂದರೆ ರೇಂಜ್ ಅಲ್ಲ. ಗುರಿ ತಪ್ಪಿದ ಛರ್ರೆ 200 ಮೀಟರ್ ಆಚೆಗೂ ಬಿದ್ದೀತು, ಗಾಳಿಯ ಕಡೆಗಾದರೆ ಇನ್ನೂ ದೂರ. ಅಲ್ಲಿ ಯಾರು ಸದೆ ತೆಗೆಯುತ್ತಿದ್ದಾರೋ ಯಾರಿಗೆ ಗೊತ್ತು? ಸರ್ಕಾರ ತಾಲೂಕಿಗೊಂದು ರೇಂಜ್ ಕೊಡುವ ದಿನ ಬರುವ ತನಕ ಹೊಲಕ್ಕೆ ಕವಣಿಯೇ ಸಾಕು.