ಭಾಮಿನೀ ಷಟ್ಪದಿಯ ಗಣವಿಭಾಗ: ಒಂದು ಪ್ರಶ್ನೆಗೆ ಸಮಾಧಾನ

ಭಾಮಿನೀ ಷಟ್ಪದಿಯ ಸಣ್ಣ ಪಾದಕ್ಕೆ 14 ಮಾತ್ರೆಗಳೆಂದರೆ ಸಾಲದೆ? ಮೂರು-ನಾಲ್ಕು, ಮೂರು-ನಾಲ್ಕು ಎಂದು ಒಡೆದು ತೋರಿಸುವುದೇತಕ್ಕೆ? ಹೀಗೆಂದು ದೇವದುರ್ಗದ ವಿದ್ಯಾರ್ಥಿಯೊಬ್ಬನು ಹಿಂದೊಮ್ಮೆ ನನ್ನನ್ನು ಕೇಳಿದನು. ‘ಲಕ್ಷಣವು ಹಾಗಿದೆ’ ಎಂದಷ್ಟೇ ನಾನು ಹೇಳಿದೆನು. ಅದು ಉತ್ತರವಲ್ಲವೆಂಬ ಕೊರಗು ಇಂದಿಗೂ ಉಳಿದಿರುವುದರಿಂದ ಈ ಬರಹ.

ಮೊದಲು ಲಕ್ಷಣ. ಭಾಮಿನಿಯ 1, 2, 4, 5ನೆಯ ಪಾದಗಳಲ್ಲಿ 3+4+3+4 ಮಾತ್ರೆಗಳು, 3, 6ನೆಯ ಪಾದಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕಡೆಗೊಂದು ಗುರು, ಒಟ್ಟು 23. ಇಡಿಯ ಪದ್ಯಕ್ಕೆ 102.

ಈಗ ಉದಾಹರಣೆಗಾಗಿಯೇ ಕಟ್ಟಿದ ಎರಡು ಪಾದಗಳನ್ನು ನೋಡೋಣ:

ಕೃಷ್ಣೆ ತುಂಗೆಯ ನಡುವೆ ಮಾನವಿ
ಕೃಷ್ಣಾ ತುಂಗೆಯ ನಡುವೆ ಮಾನ್ವಿ

ಅರ್ಥವೊಂದೇ, ಎರಡರಲ್ಲಿಯೂ ಮಾತ್ರೆಗಳು 14. ಮೊದಲನೆಯದು 3+4+3+4 ಎಂದು ತಡೆಯಿಲ್ಲದೆ ಒಡೆಯುತ್ತದೆ. ಎರಡನೆಯದರಲ್ಲಿ ‘ಕೃ’ ಗುರು, ‘ಷ್ಣಾ’ ಗುರು. ಮೂರನೆಯ ಮಾತ್ರೆಗೆ ಗಣವು ಮುಗಿಯಬೇಕಾದಲ್ಲಿ ‘ಷ್ಣಾ’ ಎಂಬ ಗುರುವು ಅಡ್ಡ ಬೀಳುತ್ತದೆ. ಗುರುವನ್ನು ಎರಡಾಗಿ ಸೀಳಲು ಬಾರದು. ಆದುದರಿಂದ ಲೆಕ್ಕ ಸರಿಯಾದರೂ ಇದು ಭಾಮಿನಿಯ ಪಾದವಲ್ಲ. ಮೊತ್ತವು ಅಳತೆಯನ್ನು ಹೇಳುತ್ತದೆ; ನಡೆಯನ್ನು ಹೇಳುವುದು ಗಣ. ಶರಕ್ಕೆ ನಾಲ್ಕರ ಗಣ, ಕುಸುಮಕ್ಕೆ ಐದರ ಗಣ, ಭೋಗಕ್ಕೆ ಮೂರರ ಗಣ ಎಂದು ಲಾಕ್ಷಣಿಕರು ವಿಂಗಡಿಸಿದುದು ಈ ನಡೆಯನ್ನು ಹಿಡಿದೇ.

ಇಲ್ಲಿ ಎರಡು ಎಚ್ಚರಿಕೆಗಳು. ಒಂದು: ‘ಕೃ’ ಗುರುವಾದುದು ಮುಂದಿನ ‘ಷ್ಣ’ ಎಂಬ ಒತ್ತಕ್ಷರದಿಂದ. ‘ಕೃ’ ತಾನು ಒತ್ತಕ್ಷರವಲ್ಲ. ಅದರಲ್ಲಿರುವುದು ಋಕಾರವೆಂಬ ಸ್ವರ. ಆದಕಾರಣ ಅದರ ಹಿಂದಿನ ಲಘುವನ್ನು ಗುರುವೆಂದೆಣಿಸಲಾಗದು. ಎರಡು: ಪದದ ಗಡಿಯೇ ಗಣದ ಗಡಿಯಲ್ಲ. ‘ರಾಯಚೂರಿನ’ ಎಂಬ ಒಂದೇ ಪದವು ‘ರಾಯ’ ಮೂರು, ‘ಚೂರಿನ’ ನಾಲ್ಕು ಎಂದು ಎರಡು ಗಣಗಳಾಗಿ ನಿಲ್ಲುತ್ತದೆ.

ಮಾನವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರು ‘ಹರಿಕಥಾಮೃತಸಾರ’ವನ್ನು ರಚಿಸಿದುದು ಭಾಮಿನಿಯಲ್ಲಿಯೇ. ಈ ಸೀಮೆಯ ಅನೇಕ ಮನೆಗಳಲ್ಲಿ ಅದರ ಪಾರಾಯಣವನ್ನು ಕೇಳಿ ಬೆಳೆದ ಮಕ್ಕಳಿಗೆ ಆ ನಡೆಯು ಕಿವಿಗೆ ಗೊತ್ತು; ಪ್ರಶ್ನಪತ್ರಿಕೆಯ ಎದುರು ಮಾತ್ರ ಅವರು ಬೆರಳೆಣಿಸಿ ತಪ್ಪುತ್ತಾರೆ. ಉಪಾಧ್ಯಾಯರು ಮೊದಲು ಪದ್ಯವನ್ನು ಹಾಡಿಸಿ, ಬಳಿಕ ಮೂರಕ್ಕೂ ನಾಲ್ಕಕ್ಕೂ ಕೈತಟ್ಟಿಸಿ, ಕಡೆಗೆ ಪ್ರಸ್ತಾರವನ್ನು ಬರೆಯಿಸಿದರೆ, ‘ಏತಕ್ಕೆ’ ಎಂಬ ಪ್ರಶ್ನೆಗೆ ಹುಡುಗನು ತಾನೇ ಉತ್ತರ ಹೇಳುವನು. ಅಂದು ದೇವದುರ್ಗದಲ್ಲಿ ನಾನು ಮಾಡಬೇಕಾಗಿದ್ದುದು ಇಷ್ಟೇ.