ಬಾರಾಲಾಚಾದ ಹಾದಿ, ಬೆಟ್ಟದ ಕೊಳಗಳು

ಟಿಬೆಟ್ ಕಡೆಯ ಮಾತಿನಲ್ಲಿ ‘ಲಾ’ ಎಂದರೆ ಬೆಟ್ಟಸಾಲನ್ನು ದಾಟಿಸುವ ಕಣಿವೆದಾರಿ. ಹಿಂದಿಯ ‘ತಾಲ್’ ಎಂದರೆ ಕೊಳ. ಈ ಎರಡು ಶಬ್ದಗಳ ಪರಿಚಯವಾದರೆ ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿಯ ನಕ್ಷೆ ಅರ್ಧ ಅರ್ಥವಾದಂತೆ. ಮನಾಲಿಯೇ ಸುಮಾರು 6,700 ಅಡಿ ಎತ್ತರದ ಊರು, ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ನಾನೂರು ಅಡಿ ಮೇಲೆ. ನಮ್ಮ ನಾಡಿನ ಅತ್ಯುನ್ನತ ಶಿಖರ ಮುಗಿಯುವ ಎತ್ತರದಲ್ಲಿ ಈ ಪ್ರಯಾಣ ಇನ್ನೂ ಆರಂಭವೇ ಆಗಿರುವುದಿಲ್ಲ.

ಹಿಂದೆ ಮನಾಲಿ ಬಿಟ್ಟ ವಾಹನ 13,050 ಅಡಿಯ ರೋಹತಾಂಗ್ ಕಣಿವೆಯನ್ನು ಹತ್ತಿಯೇ ಲಾಹೌಲ್ ಸೀಮೆಗೆ ಇಳಿಯಬೇಕಾಗಿತ್ತು. ಚಳಿಗಾಲದಲ್ಲಿ ಹಿಮ ಬಿದ್ದು ಆ ದಾರಿ ಮುಚ್ಚಿತೆಂದರೆ ಲಾಹೌಲಿನ ಜನ ತಿಂಗಳುಗಟ್ಟಲೆ ರಸ್ತೆಯ ಸಂಪರ್ಕವಿಲ್ಲದೆ ಕಾಲ ಕಳೆಯುತ್ತಿದ್ದರು. 2020ರ ಅಕ್ಟೋಬರ್ 3ರಂದು ತೆರೆದ, 9 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ 46 ಕಿಲೋಮೀಟರುಗಳ ಹಾದಿ ಉಳಿಯಿತು. ಲಾಹೌಲಿನ ರೋಗಿಗಳಿಗೂ ಬಾಣಂತಿಯರಿಗೂ ಇದು ಎಂಥ ಉಪಕಾರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಸಿಗಳಿಗೆ ಮಾತ್ರ ಅದು ಒಂದು ಹೊಸ ಆತುರವನ್ನು ಕಲಿಸಿದೆ. ಬೆಳಗಿನ ಉಪಾಹಾರ ಮನಾಲಿಯಲ್ಲಿ, ಮಧ್ಯಾಹ್ನ 16,000 ಅಡಿಯ ಬಾರಾಲಾಚಾದ ಮೇಲೆ, ರಾತ್ರಿ ಸರ್ಚುವಿನ ಡೇರೆಯಲ್ಲಿ! ವಾಹನಕ್ಕೆ ಇದು ಸಾಧ್ಯ. ದೇಹಕ್ಕೆ ಸಲ್ಲದು.

ಏಕೆ ಸಲ್ಲದು? ಮೇಲೆ ಆಮ್ಲಜನಕವೇ ಇಲ್ಲವೆಂದು ಹಲವರು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ನೂರು ಪಾಲು ಗಾಳಿಯಲ್ಲಿ 21 ಪಾಲು ಆಮ್ಲಜನಕ ಕಡಲ ದಡದಲ್ಲಿರುವಂತೆ ಬಾರಾಲಾಚಾದಲ್ಲಿಯೂ ಇದೆ. ಕಡಿಮೆಯಾಗಿರುವುದು ಗಾಳಿಯ ಒತ್ತಡ. ಅಲ್ಲಿ ಅದು ಕಡಲಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಆದ್ದರಿಂದ ಒಂದೊಂದು ಉಸಿರಿನಲ್ಲಿಯೂ ನಮಗೆ ದಕ್ಕುವ ಆಮ್ಲಜನಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದೇ ಕಾರಣದಿಂದ ನೀರು ಅಲ್ಲಿ 84 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಹೊರಟವರು ಕುಕ್ಕರಿನ ಮಹಿಮೆಯನ್ನು ಚೆನ್ನಾಗಿ ಬಲ್ಲರು.

ಕಡಿಮೆ ಒತ್ತಡಕ್ಕೆ ಶರೀರ ಹೊಂದಿಕೊಳ್ಳಬಲ್ಲದು. ಆದರೆ ದಿನಗಳ ಲೆಕ್ಕದಲ್ಲಿ, ಗಂಟೆಗಳ ಲೆಕ್ಕದಲ್ಲಲ್ಲ. ಅವಸರ ಮಾಡಿದವರಿಗೆ ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ದೆ ಹತ್ತದಿರುವುದು ಮೊದಲ ಸೂಚನೆಗಳು. ಇಷ್ಟಾದಾಗ ಮೇಲೆ ಹತ್ತುವುದನ್ನು ನಿಲ್ಲಿಸಿ ವಿಶ್ರಮಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ನಡೆಯುವಾಗ ಹೆಜ್ಜೆ ತಪ್ಪುವುದು, ಮಾತು ಗೊಂದಲವಾಗುವುದು, ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು — ಇವು ಕಂಡರೆ ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ಸೇರುತ್ತಿದೆಯೆಂದು ತಿಳಿಯಬೇಕು. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಮ್ಲಜನಕವಿದ್ದರೆ ಕೊಡುತ್ತಲೇ ರೋಗಿಯನ್ನು ಕೆಳಕ್ಕೆ ಒಯ್ಯಬೇಕು. ಗಟ್ಟಿಮುಟ್ಟಾದ ತರುಣರಿಗೆ ಇದು ಬಾರದೆಂಬ ನಂಬಿಕೆಗೆ ಆಧಾರವಿಲ್ಲ. ತಲೆನೋವನ್ನು ಮುಚ್ಚಿಟ್ಟು ಮುಂದೆ ಸಾಗುವವರು ಹೆಚ್ಚಾಗಿ ಅವರೇ.

ಸರ್ಚುವಿನ ತೊಡಕು ಇರುವುದು ಇಲ್ಲಿಯೇ. ಅದು 14,000 ಅಡಿಯ ಬಯಲು. ದಕ್ಷಿಣಕ್ಕೆ ಬಾರಾಲಾಚಾ, ಉತ್ತರಕ್ಕೆ ನಕೀ ಲಾ ಮತ್ತು ಲಾಚುಂಗ್ ಲಾ. ಅಲ್ಲಿ ರಾತ್ರಿ ಕಾಯಿಲೆ ಬಿದ್ದವನನ್ನು ರಸ್ತೆಯ ಮೂಲಕ ಇಳಿಸಬೇಕೆಂದರೆ ಮೊದಲು ಇನ್ನೂ ಮೇಲಕ್ಕೆ ಹತ್ತಿಸಬೇಕು! ಆದ್ದರಿಂದ ತಿಳಿದವರು 10,000 ಅಡಿಯ ಕೇಲಾಂಗಿನಲ್ಲಿಯೋ ಅದರಾಚೆಯ ಜಿಸ್ಪಾದಲ್ಲಿಯೋ ಎರಡು ರಾತ್ರಿ ತಂಗುತ್ತಾರೆ. ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 1,600 ಅಡಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಾಮಾನ್ಯ ಸಲಹೆ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ಇನ್ನೂ ಒಳ್ಳೆಯದು. ಹೃದಯದ ಅಥವಾ ಶ್ವಾಸದ ತೊಂದರೆಯುಳ್ಳವರು ಊರು ಬಿಡುವ ಮೊದಲೇ ತಮ್ಮ ವೈದ್ಯರನ್ನು ಕಾಣಬೇಕು.

ಇನ್ನು ಕೊಳಗಳ ಮಾತು. ಬಾರಾಲಾಚಾದ ನೆತ್ತಿ ಇನ್ನೇನು ಸಿಕ್ಕಿತೆನ್ನುವಾಗ ರಸ್ತೆಯ ಪಕ್ಕದಲ್ಲೇ ಸೂರಜ್ ತಾಲ್ ಕಾಣುತ್ತದೆ. ಹಿಮ ಕರಗಿದ ನೀರು. ಮೋಡ ಕವಿದರೆ ಬೂದು, ಬಿಸಿಲು ಬಿದ್ದರೆ ಗಾಢ ನೀಲಿ. ಭಾಗಾ ನದಿ ಹುಟ್ಟುವುದು ಇಲ್ಲಿ. ಇದೇ ಕಣಿವೆಯ ಇನ್ನೊಂದು ಮಗ್ಗುಲಿನಲ್ಲಿ ಚಂದ್ರಾ, ಉತ್ತರದ ಇಳಿಜಾರಿನಲ್ಲಿ ಯೂನಂ ಹುಟ್ಟುತ್ತವೆ. ಚಂದ್ರಾ ಚಂದ್ರನ ಮಗಳು, ಭಾಗಾ ಸೂರ್ಯನ ಮಗ; ಇಬ್ಬರೂ ಬೇರೆ ಬೇರೆ ದಿಕ್ಕು ಹಿಡಿದು ಬೆಟ್ಟ ಬಳಸಿ ಓಡಿ, ತಾಂಡಿಯಲ್ಲಿ ಕೂಡಿ ಮದುವೆಯಾದರೆಂದು ಲಾಹೌಲಿನವರ ಕತೆ. ಕೂಡಿದ ಚಂದ್ರಭಾಗೆಯೇ ಮುಂದೆ ಚಿನಾಬ್. ಯೂನಂ ನೀರು ಜಾಂಸ್ಕಾರ್ ನದಿಯ ಮೂಲಕ ಸಿಂಧುವನ್ನು ಸೇರುತ್ತದೆ. ಚಿನಾಬಿನ ನೀರೂ ಪಾಕಿಸ್ತಾನದಲ್ಲಿ ಕೊನೆಗೆ ಅದೇ ಸಿಂಧುವಿಗೆ. ಒಂದೇ ನೆತ್ತಿಯಲ್ಲಿ ಅಗಲಿದ ನೀರು ಎಷ್ಟು ದೂರ ಸುತ್ತಿ ಸೇರುತ್ತದೆ, ನೋಡಿ.

ಚಂದ್ರತಾಲ್ ಈ ಹೆದ್ದಾರಿಯ ಮೇಲಿಲ್ಲ. ಅದಕ್ಕೆ ಕುಂಜುಮ್ ಕಣಿವೆಯ ಕಡೆಯ ಒರಟು ಹಾದಿ ಹಿಡಿಯಬೇಕು. ಸುಮಾರು 14,000 ಅಡಿಯಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ ಈ ಕೊಳ 2005ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ವಾಹನಗಳನ್ನು ದೂರದಲ್ಲೇ ನಿಲ್ಲಿಸಿ ನಡೆದುಹೋಗಬೇಕು. ದಡದಲ್ಲಿ ಡೇರೆ ಹೂಡುವಂತಿಲ್ಲ. ಈ ಕಟ್ಟಳೆಯನ್ನು ಶಪಿಸುವವರಿದ್ದಾರೆ. ನಮಗಂತೂ ಅದು ಸರಿಯೆಂದೇ ತೋರುತ್ತದೆ. 2023ರ ಜುಲೈನಲ್ಲಿ ಅಕಾಲದ ಹಿಮ ಬಿದ್ದು ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಚಂದ್ರತಾಲಿನ ಬಳಿ ಹಲವು ದಿನ ಸಿಕ್ಕಿಕೊಂಡಿದ್ದರು. ದಾರಿಯ ಹಿಮ ತೆಗೆದು ಅವರನ್ನು ಕರೆತಂದದ್ದು 13ನೆಯ ತಾರೀಖು. ಎಂದಮೇಲೆ ಕೈಚೀಲದಲ್ಲಿ ಎರಡು ದಿನದ ಹೆಚ್ಚುವರಿ ಬುತ್ತಿ, ಬೆಚ್ಚನೆಯ ಬಟ್ಟೆ, ನಿತ್ಯದ ಔಷಧಿಗಳು ಇರಲೇಬೇಕು.

ಹೊರಡುವ ಹೊತ್ತೂ ಮುಖ್ಯ. ರಸ್ತೆಗೆ ಅಡ್ಡಲಾಗಿ ಹರಿಯುವ ತೊರೆಗಳಲ್ಲಿ ರಾತ್ರಿಯ ಚಳಿಗೆ ನೀರು ಇಳಿದಿರುತ್ತದೆ. ಬಿಸಿಲೇರಿ ಹಿಮ ಕರಗತೊಡಗಿದಂತೆ ಅವೇ ತೊರೆಗಳು ಉಬ್ಬಿ, ಮಧ್ಯಾಹ್ನದ ವೇಳೆಗೆ ಕಲ್ಲುಗಳನ್ನು ಉರುಳಿಸುವಷ್ಟು ರಭಸವಾಗುತ್ತವೆ. ಅಲ್ಲಿನ ಚಾಲಕರು ಬೆಳಕು ಹರಿಯುವ ಮುನ್ನವೇ ಕದ ತಟ್ಟುವುದು ಅದಕ್ಕೇ.