ಮಾವಿನ ಪೆಟ್ಟಿಗೆಗೊಂದು ಜಾಲದ ವಿಳಾಸ

ಏಪ್ರಿಲ್ ಬಂತೆಂದರೆ ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿನ ಹಣ್ಣಿನ ವಿಭಾಗದಲ್ಲಿ ಕಾಲಿಡಲು ಜಾಗ ಸಿಗದು. ಒಂದು ಕಡೆ ರತ್ನಾಗಿರಿ, ದೇವಗಡದ ಹಾಪೂಸ್ ಇಳಿಯುತ್ತಿರುತ್ತದೆ, ಇನ್ನೊಂದು ಕಡೆ ಕರ್ನಾಟಕದಿಂದ ಬಂದ ಲಾರಿಗಳಿಂದ ಅದೇ ಜಾತಿಯ ಮಾವು. ವ್ಯಾಪಾರಿಗಳ ಬಾಯಲ್ಲಿ ಅದು ‘ಕರ್ನಾಟಕ ಹಾಪೂಸ್’. ಬುಟ್ಟಿಯಲ್ಲಿಟ್ಟಾಗ ಎರಡನ್ನೂ ಬೇರೆ ಮಾಡಿ ಹೇಳಲು ಪಳಗಿದ ಕಣ್ಣು ಬೇಕು. ಬೆಲೆಯಲ್ಲಿ ಮಾತ್ರ ಯಾರಿಗೂ ಗೊತ್ತಾಗುವಷ್ಟು ಅಂತರ. ಅದಕ್ಕೇ ಕರ್ನಾಟಕದ ಹಣ್ಣು ಗಿರಾಕಿಯ ಕೈಗೆ ಬರುವ ಹೊತ್ತಿಗೆ ‘ರತ್ನಾಗಿರಿ’ಯಾಗಿ ಬಿಟ್ಟಿರುತ್ತದೆ ಎಂಬ ದೂರು ಹಂಗಾಮು ಬಂದಾಗಲೆಲ್ಲ ಏಳುತ್ತದೆ.

2018ರಲ್ಲಿ ರತ್ನಾಗಿರಿ, ಸಿಂಧುದುರ್ಗ ಮತ್ತು ಸುತ್ತಲಿನ ಜಿಲ್ಲೆಗಳ ಹಾಪೂಸಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು. ಆ ಹೆಸರು ಹೊರಗಿನ ಹಣ್ಣಿಗೆ ಅಂಟುವುದನ್ನು ಕಂಡ ಕೊಂಕಣದ ಬೆಳೆಗಾರರ ಸಿಟ್ಟು ನ್ಯಾಯವಾದದ್ದೇ. ಆದರೆ ಈ ವ್ಯವಹಾರದಲ್ಲಿ ಕಳೆದುಕೊಳ್ಳುವವರು ಅವರಷ್ಟೇ ಅಲ್ಲ. ಧಾರವಾಡದ ತೋಟದಲ್ಲಿ ವರ್ಷವಿಡೀ ಮರ ಕಾದವನ ಹೆಸರೂ ದಾರಿಯಲ್ಲೇ ಎಲ್ಲೋ ಉದುರಿ ಹೋಗುತ್ತದೆ. ಅವನ ಹಣ್ಣನ್ನು ಮೆಚ್ಚಿ ತಿಂದವರಿಗೆ ಅದು ಅವನದೆಂದು ಎಂದೂ ತಿಳಿಯುವುದಿಲ್ಲ.

ಅಂಥ ಒಬ್ಬ ಬೆಳೆಗಾರ ತನ್ನ ಹೆಸರು ತಾನೇ ಹೇಳಿಕೊಳ್ಳಬೇಕೆಂದರೆ ಏನು ಮಾಡಬೇಕು? ಜಾಹೀರಾತಿಗೆ ದುಡ್ಡಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದು ಮರುದಿನದ ಹೊತ್ತಿಗೆ ನೂರು ಸಂದೇಶಗಳ ಕೆಳಗೆ ಹೂತಿರುತ್ತದೆ. ಆದರೆ ಅವನ ತೋಟ ಎಲ್ಲಿದೆ, ಮರಗಳಿಗೆ ಎಷ್ಟು ವರ್ಷ, ಈ ಸಲ ಹೂ ಯಾವಾಗ ಬಿಟ್ಟಿತು, ಕಾಯಿ ಯಾವಾಗ ಇಳಿಸಿದ್ದು ಎಂಬುದನ್ನು ಅವನದೇ ಮಾತಿನಲ್ಲಿ ಹೇಳುವ ಒಂದೇ ಒಂದು ವೆಬ್ ಪುಟಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಅಂಥ ಪುಟವೆಂದರೆ ಒಂದು ಫೈಲು, ಅಷ್ಟೇ. ನೋಟ್‌ಪ್ಯಾಡಿನಲ್ಲಿ ಬರೆದು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂಬ ಹೆಸರಿನಲ್ಲಿ ಉಳಿಸಿದರೆ ಆಯಿತು. ಆ ಹೆಸರೇ ಏಕೆಂದರೆ, ವಿಳಾಸ ಹಿಡಿದು ಬಂದವರಿಗೆ ಸರ್ವರು ಮೊದಲು ತೆಗೆದು ತೋರಿಸುವುದು ಅದನ್ನೇ. ತಲೆಬರಹ ಎಲ್ಲಿ ಶುರು, ಎಲ್ಲಿ ಮುಗಿಯಿತು, ಪ್ಯಾರಾ ಯಾವುದು, ಚಿತ್ರ ಯಾವುದು ಎಂದು ಗುರುತು ಹಾಕುವ ಏಳೆಂಟು ಟ್ಯಾಗುಗಳು ಗೊತ್ತಿದ್ದರೆ ಕೆಲಸ ಸಾಗುತ್ತದೆ. ಹೈಸ್ಕೂಲು ಓದುವ ಮಗಳಿದ್ದರೆ ಒಂದು ಭಾನುವಾರದಲ್ಲಿ ಕಲಿತು ಅಪ್ಪನಿಗೆ ಮಾಡಿಕೊಡಬಹುದು.

ಆ ಫೈಲನ್ನು ಇಡಲು ಜಾಗ ಬೇಕು. 2008ರ ಕೊನೆಯಲ್ಲಿ ಶುರುವಾದ ಗಿಟ್‌ಹಬ್ ಪೇಜಸ್ 1 ಜಿಬಿವರೆಗಿನ ತಾಣವನ್ನು ಪುಕ್ಕಟೆ ಇಟ್ಟುಕೊಡುತ್ತದೆ. ಖಾತೆ ತೆರೆದು, ತನ್ನ ಬಳಕೆದಾರ ಹೆಸರಿನ ಕೊನೆಗೆ ‘ಡಾಟ್ ಗಿಟ್‌ಹಬ್ ಡಾಟ್ ಐಒ’ ಸೇರಿಸಿದ ಹೆಸರಿನಲ್ಲೊಂದು ಕಡತಕೋಶ ಮಾಡಿ, ಫೈಲು ಏರಿಸಿದರೆ ಕೆಲವೇ ನಿಮಿಷದಲ್ಲಿ ಪುಟ ತೆರೆದುಕೊಳ್ಳುತ್ತದೆ. 2013ರಲ್ಲಿ ಕೈಲ್ ಡ್ರೇಕ್ ಕಟ್ಟಿದ ನಿಯೋಸಿಟೀಸ್ ಕೂಡ ಅಷ್ಟೇ ಜಾಗ ಕೊಡುತ್ತದೆ. ಅಲ್ಲಿ ಬ್ರೌಸರಿನಲ್ಲೇ ಕೂತು ಬರೆಯಬಹುದು, ಹೊಸಬರಿಗೆ ಅದೇ ಸಲೀಸು.

1 ಜಿಬಿ ಎಂದರೆ ಎಷ್ಟು? ಸಾವಿರ ಪದಗಳ ಕನ್ನಡ ಬರಹ ಹೆಚ್ಚುಕಡಿಮೆ 25 ಕೆಬಿ ತೂಗುತ್ತದೆ. ಆ ಲೆಕ್ಕದಲ್ಲಿ ನಲವತ್ತು ಸಾವಿರ ಬರಹ ಹಿಡಿಸುತ್ತವೆ. ಭಾರವೆಲ್ಲ ಫೋಟೊಗಳದು. ಮೊಬೈಲಿನಲ್ಲಿ ತೆಗೆದ 4 ಎಂಬಿಯ ಒಂದೇ ಚಿತ್ರ ನೂರೈವತ್ತಕ್ಕೂ ಹೆಚ್ಚು ಬರಹಗಳ ಜಾಗ ತಿನ್ನುತ್ತದೆ. ಯಾರ್ಡಿನ ಗದ್ದಲದ ನಡುವೆ ಮೊಬೈಲ್ ಸಿಗ್ನಲ್ ಕುಂಟುವಾಗ ಆ ಚಿತ್ರ ಇಳಿಯುವತನಕ ಯಾವ ಗಿರಾಕಿಯೂ ಕಾಯುವುದಿಲ್ಲ. ಏರಿಸುವ ಮುಂಚೆ ಅದನ್ನು 200 ಕೆಬಿಗೆ ಇಳಿಸುವುದು ಜಾಣತನ.

ಕನ್ನಡದಲ್ಲಿ ಬರೆಯುವವರು ಮರೆಯಬಾರದ ಸಾಲೊಂದಿದೆ: ಪುಟದ ಅಕ್ಷರಗಳು ಯುಟಿಎಫ್-8 ಕ್ರಮದಲ್ಲಿವೆ ಎಂದು ಬ್ರೌಸರಿಗೆ ತಿಳಿಸುವ, ಫೈಲಿನ ತಲೆಯಲ್ಲಿರಬೇಕಾದ ಸಾಲು. ಯುಟಿಎಫ್-8ರಲ್ಲಿ ‘ಕ’ ಅಕ್ಷರ ಮೂರು ಬೈಟುಗಳಾಗಿ ಕೂರುತ್ತದೆ: 224, 178, 149. ಬ್ರೌಸರು ತಪ್ಪಾಗಿ ಊಹಿಸಿ ಈ ಮೂರನ್ನೂ ಹಳೆಯ ಪಾಶ್ಚಾತ್ಯ ಪಟ್ಟಿಯಿಂದ ಓದಿತೋ, ‘ಕ’ ಇರಬೇಕಾದ ಕಡೆ ತಲೆಯ ಮೇಲೆ ಓರೆಗೀಟು ಹೊತ್ತ ಒಂದು ಇಂಗ್ಲಿಷ್ ‘ಎ’, ಮೇಲಕ್ಕೇರಿ ಕೂತ ಪುಟ್ಟ ಅಂಕಿ ಎರಡು, ಒಂದು ದಪ್ಪ ಚುಕ್ಕೆ ಕಾಣಿಸುತ್ತವೆ. ಪುಟದ ತುಂಬ ಇಂಥದೇ ಕಲಸುಮೇಲೋಗರ ಕಂಡು ‘ಕನ್ನಡ ಬರುವುದಿಲ್ಲ’ ಎಂದು ಕೈಬಿಟ್ಟವರಿದ್ದಾರೆ. ಒಂದು ಸಾಲು ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆ.

ಈ ಅಕ್ಷರಗಳ ಕಥೆಗೆ ಪುಣೆಯ ನಂಟಿದೆ. ಮಾರ್ಕೆಟ್ ಯಾರ್ಡಿನಿಂದ ದೂರದಲ್ಲಿ, ಊರಿನ ಇನ್ನೊಂದು ಮಗ್ಗುಲಲ್ಲಿ, ವಿಶ್ವವಿದ್ಯಾಲಯದ ಆವರಣದಲ್ಲಿ 1988ರಲ್ಲಿ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡಾಕ್ ಆರಂಭವಾಯಿತು. ಐಐಟಿ ಕಾನ್ಪುರದಲ್ಲಿ ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ಒಗ್ಗಿಸಿದ ‘ಜಿಸ್ಟ್’ ತಂತ್ರಜ್ಞಾನವನ್ನು ಕಟ್ಟಿದ ಮೋಹನ್ ತಾಂಬೆ ಅದನ್ನು ಇಲ್ಲಿಗೆ ತಂದರು. ಆ ಕೆಲಸದೊಂದಿಗೆ ಬೆಳೆದ ‘ಇಸ್ಕಿ’ ಸಂಕೇತದಲ್ಲಿ ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದೇ ಸಂಖ್ಯೆ, 179. ಲಿಪಿ ಬೇರೆಯಾದರೂ ವರ್ಣಮಾಲೆ ಒಂದೇ ಎಂಬ ತಿಳಿವಳಿಕೆ ಅದರ ಹಿಂದಿತ್ತು. 1991ರಲ್ಲಿ ಬಂದ ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ಜೋಡಣೆಗೆ 1988ರ ಇಸ್ಕಿಯನ್ನೇ ಆಧಾರವಾಗಿ ಇಟ್ಟುಕೊಂಡಿತು. ಮರಾಠಿ ‘ಕ’ಕ್ಕೆ 2325, ಕನ್ನಡ ‘ಕ’ಕ್ಕೆ 3221 ಎಂದು ಬೇರೆ ಬೇರೆ ಮನೆ ಕೊಟ್ಟರೂ, ‘ಖ’, ‘ಗ’ ಎಂದು ಮುಂದೆ ಹೋದಂತೆ ನಡುವಿನ ಅಂತರ ಅದೇ 896. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಬರೆದವರ ಫಾಂಟೇ ಓದುವವರ ಯಂತ್ರದಲ್ಲೂ ಇರಬೇಕಿತ್ತು. 1996ರಲ್ಲಿ ಯು. ಬಿ. ಪವನಜ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ವನ್ನು ಶುರುಮಾಡಿದ್ದು, 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶವನ್ನು ಹೊರತಂದದ್ದು ಯೂನಿಕೋಡ್ ಇನ್ನೂ ಮನೆಮನೆ ಮುಟ್ಟದ ಆ ದಿನಗಳಲ್ಲಿ. ಇವತ್ತು ಅಗ್ಗದ ಮೊಬೈಲಿನಲ್ಲೂ ಕನ್ನಡ ತಾನಾಗಿ ಮೂಡುತ್ತದೆ.

ಮಾರ್ಕೆಟ್ ಯಾರ್ಡಿನಲ್ಲಿ ಅಡತಿಯ ದಲಾಲರನ್ನು ಹುಡುಕುವುದು ಮಳಿಗೆಯ ನಂಬರಿನಿಂದ. ಪುಕ್ಕಟೆ ವೆಬ್ ಪುಟಗಳ ಮೊದಲ ದೊಡ್ಡ ಪೇಟೆಯೂ ಹೀಗೇ ಇತ್ತು. 1994ರಲ್ಲಿ ಅಮೆರಿಕದಲ್ಲಿ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಶುರುಮಾಡಿದ ಜಿಯೋಸಿಟೀಸ್ ತನ್ನ ಜಾಗವನ್ನು ಬಡಾವಣೆಗಳಾಗಿ ಹಂಚಿತ್ತು. ಕಂಪ್ಯೂಟರಿನವರಿಗೆ ‘ಸಿಲಿಕಾನ್ ವ್ಯಾಲಿ’, ಸಿನಿಮಾದವರಿಗೆ ‘ಹಾಲಿವುಡ್’, ಒಳಗೆ ಒಬ್ಬೊಬ್ಬರಿಗೆ ಒಂದು ಮನೆ ನಂಬರು. 1999ರಲ್ಲಿ ಯಾಹೂ ಅದನ್ನು ಸುಮಾರು 360 ಕೋಟಿ ಡಾಲರಿಗೆ ಕೊಂಡುಕೊಂಡಿತು. ಹತ್ತು ವರ್ಷ ಕಳೆದು, 2009ರ ಅಕ್ಟೋಬರ್ 26ರಂದು ಬಾಗಿಲು ಹಾಕಿತು. ಸ್ವಯಂಸೇವಕರ ‘ಆರ್ಕೈವ್ ಟೀಮ್’ ಹಗಲೂ ರಾತ್ರಿ ಕೂತು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಕೊಳ್ಳದಿದ್ದರೆ ಲಕ್ಷಾಂತರ ಜನರ ಮದುವೆಯ ಫೋಟೊ, ಕವಿತೆ, ಅಡುಗೆಯ ವಿಧಾನ ಎಲ್ಲ ಒಂದೇ ದಿನ ಮಣ್ಣುಪಾಲಾಗುತ್ತಿದ್ದವು.

ಹಾಗಾಗಿ ಪುಕ್ಕಟೆ ಜಾಗದಲ್ಲಿ ಪುಟ ಇಡುವವರು ಮೂಲ ಫೈಲುಗಳ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಲೇಬೇಕು. ವರ್ಷಕ್ಕೊಮ್ಮೆ ಹಣ ಕಟ್ಟಿ ಸ್ವಂತ ಡೊಮೇನ್ ಹೆಸರು ಕೊಂಡರೆ ಇನ್ನೂ ಭದ್ರ. ಗಿಟ್‌ಹಬ್‌ನ ಪುಟಕ್ಕೆ ಅದನ್ನು ಜೋಡಿಸಲು ಬೇರೆ ಹಣ ಬೇಡ. ಆ ಸೇವೆ ನಾಳೆ ನಿಂತರೂ ಅದೇ ವಿಳಾಸವನ್ನು ಇನ್ನೊಂದು ಕಡೆಗೆ ತಿರುಗಿಸಬಹುದು.

ಇನ್ನೂ ಎರಡು ಮಾತು ಬೆಳೆಗಾರನಿಗೆ ತಿಳಿದಿರಬೇಕು. ಗಿಟ್‌ಹಬ್‌ನ ಪುಕ್ಕಟೆ ಜಾಗದಲ್ಲಿ ಆನ್‌ಲೈನ್ ಅಂಗಡಿ ನಡೆಸುವಂತಿಲ್ಲ, ಅದರ ನಿಯಮವೇ ಹಾಗಿದೆ. ತೋಟದ ಪರಿಚಯ ಹೇಳಿಕೊಂಡರೆ ಅಡ್ಡಿಯಿಲ್ಲ, ಆರ್ಡರು, ಹಣದ ವ್ಯವಹಾರ ಅಲ್ಲಿ ಬೇಡ. ಅಲ್ಲದೆ ಪುಕ್ಕಟೆ ಖಾತೆಯಲ್ಲಿ ಪುಟದ ಮೂಲ ಫೈಲುಗಳು ಯಾರು ಬೇಕಾದರೂ ನೋಡುವಂತೆ ತೆರೆದಿರುತ್ತವೆ. ಬ್ಯಾಂಕ್ ವಿವರ, ಆಧಾರ್ ಪ್ರತಿ, ಮಕ್ಕಳ ಶಾಲೆಯ ಹೆಸರು ಇಂಥವು ಅಪ್ಪಿತಪ್ಪಿಯೂ ಅದರೊಳಗೆ ಸೇರಬಾರದು.

ಇಷ್ಟಾದ ಮೇಲೆ ಉಳಿಯುವುದು ಪುಟದ ವಿಳಾಸವನ್ನು ಕ್ಯೂಆರ್ ಚೀಟಿಯಾಗಿ ಮುದ್ರಿಸಿ ಪೆಟ್ಟಿಗೆಗೆ ಅಂಟಿಸುವ ಕೆಲಸ. ಯಾರ್ಡಿನಲ್ಲಿ ಹಮಾಲ ಪೆಟ್ಟಿಗೆ ಇಳಿಸಿದ ಮೇಲೆ ಕೊಳ್ಳಲು ಬಂದವರು ಮೊಬೈಲು ಹಿಡಿದರೆ ತೋಟದ ಹೆಸರು ಮೊದಲು ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ ಕಾಣುತ್ತದೆ. ಮರಾಠಿಯ ‘ಕ’ಕ್ಕೆ ಯುಟಿಎಫ್-8ರಲ್ಲಿ ಇರುವ ಬೈಟುಗಳು 224, 164, 149. ಕನ್ನಡದ ‘ಕ’ದ ಪಕ್ಕದಲ್ಲಿಟ್ಟು ನೋಡಿದರೆ ಮೊದಲಿನದೂ ಕೊನೆಯದೂ ಅವೇ, ನಡುವಿನದೊಂದೇ ಬೇರೆ.